ಹೋಲ್ಡಾನ್ ಅಂದದ್ದಕ್ಕೆ ಸಾರಿ ಇಲ್ಲ

ವಿಮಾನ ಹಾರಿಸುವುದು ಕಷ್ಟವಾ ಎಂದು ಮೂಡಲಪಾಳ್ಯದಲ್ಲಿ ನನ್ನನ್ನು ಕೇಳದವರಿಲ್ಲ. ಹಾಲಿನ ಬೂತಿನವರು ಕೇಳಿದ್ದಾರೆ, ಎದುರುಮನೆ ಆಂಟಿ ಕೇಳಿದ್ದಾರೆ, ಐರನ್ ಅಂಗಡಿಯವರಂತೂ ನನ್ನ ಬಿಳಿ ಶರ್ಟನ್ನು ಮಡಚುತ್ತಾ ವಾರಕ್ಕೊಮ್ಮೆ ಕೇಳುತ್ತಾರೆ. "ಹಾರ್ಸೋದು ಅಂಥಾ ಕಷ್ಟ ಏನಿಲ್ಲ ಅಣ್ಣ. ಇಳಿದ್ಮೇಲೆ ನೆಲದ ಮೇಲೆ ಓಡ್ಸೋದಿದ್ಯಲ್ಲ, ಅದು ಕಷ್ಟ" ಎನ್ನುತ್ತೇನೆ. ಎಲ್ಲರೂ ನಗುತ್ತಾರೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ನಾನು ತಮಾಷೆ ಮಾಡುವ ಪೈಕಿಯೇ ಅಲ್ಲ. ನಮ್ಮ ಮನೆಯಲ್ಲಿ ನನಗೂ ಅಮ್ಮನಿಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ತಾನೊಬ್ಬ ನಡುವೆ ಸಿಕ್ಕಿಕೊಂಡಿದ್ದೇನೆ ಎಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಆದರೆ ನಾನು ಹೇಳುವುದು ನಿಜ. ಆಕಾಶದಲ್ಲಿ ಜಾಗಕ್ಕೇನು ಬರ? ಒಂದು ವಿಮಾನಕ್ಕೂ ಇನ್ನೊಂದಕ್ಕೂ ಮಧ್ಯೆ ಬೇಕಾದಷ್ಟು ಅಂತರ ಇಟ್ಟಿರುತ್ತಾರೆ. ದೊಡ್ಡ ಊರಿನ ವಿಮಾನ ನಿಲ್ದಾಣದಲ್ಲಿ ಇಳಿದು ನೋಡಿ, ಗೊತ್ತಾಗುತ್ತದೆ. ಬೆಳಗ್ಗೆ ಹೊತ್ತು ನಮ್ಮ ವಿಜಯನಗರದ ಮಾರ್ಕೆಟ್ ರಸ್ತೆ ಇದ್ದ ಹಾಗೆ. ಹಿಂದೆ ಒಂದು, ಮುಂದೆ ಒಂದು, ಎದುರಿಗೆ ಇನ್ನೊಂದು, ನಡುವೆ ನುಗ್ಗುವ ಎಣ್ಣೆ ಲಾರಿ, ಲಗೇಜಿನ ಗಾಡಿ. ಎಲ್ಲ ದಾರಿಗಳೂ ಒಂದೇ ಥರ ಕಾಣುತ್ತವೆ. ತಪ್ಪು ತಿರುವು ತೆಗೆದುಕೊಂಡರೆ ಹಿಂದಕ್ಕೆ ಬರಲು ರಿವರ್ಸ್ ಗೇರಿಲ್ಲ. ಕ್ಯಾಪ್ಟನ್ ಸೀಟಿನಲ್ಲಿ ಕೂತವರಿಗೆ ತಮ್ಮದೇ ರೆಕ್ಕೆಯ ತುದಿ ಕಾಣುವುದಿಲ್ಲ. ವಿಮಾನದ ಬಲಗಡೆ ಏನಿದೆ ಎಂದು ಬಲಗಡೆ ಕೂತ ಕೋ-ಪೈಲಟ್ ಹೇಳಬೇಕು. ದೊಡ್ಡ ದೊಡ್ಡ ಅನುಭವಸ್ಥರು, ತಲೆ ನೆರೆತವರು, ಮೋಡದ ನಡುವೆ ಬೆಣ್ಣೆಯಂತೆ ಇಳಿಸಿದವರು, ನೆಲಕ್ಕೆ ಬಂದ ಮೇಲೆ ಗೆರೆ ದಾಟಿದ್ದಾರೆ, ಹುಲ್ಲಿಗೆ ಚಕ್ರ ಇಳಿಸಿದ್ದಾರೆ, ಪಕ್ಕದ ವಿಮಾನದ ಬಾಲ ಕೆರೆದಿದ್ದಾರೆ. ಕೆಲಸ ಮುಗಿಯಿತು ಅಂದುಕೊಂಡಾಗಲೇ ಇವೆಲ್ಲ ಆಗುವುದು.

ಇದನ್ನು ನಾನು ತರಬೇತಿಯಲ್ಲಿ ಕಲಿತೆ ಅಂದರೆ ಅರ್ಧ ಮಾತ್ರ ನಿಜ. ಇನ್ನರ್ಧ ಕಲಿತದ್ದು ಸಿಟಿ ಬಸ್ಸಿನಲ್ಲಿ.

ನಮ್ಮಮ್ಮ ಬಸ್ ಕಂಡಕ್ಟರ್. ನಾನು ಸ್ಕೂಲಿನಲ್ಲಿದ್ದಾಗ ಅವಳಿಗೆ ಕೆಂಗೇರಿ ಕಡೆಯ ರೂಟು. ಅಪ್ಪ ರಾತ್ರಿಯ ತನಕ ತಮ್ಮ ಹಿಟ್ಟಿನ ಗಿರಣಿಯಲ್ಲಿ. ಸ್ಕೂಲು ಬಿಟ್ಟ ಮೇಲೆ ಮನೆಯಲ್ಲಿ ಯಾರೂ ಇರದ ಕಾರಣ ನಾನು ವಿಜಯನಗರದಲ್ಲಿ ಅವಳ ಬಸ್ ಹತ್ತಿ, ಕಂಡಕ್ಟರ್ ಸೀಟಿನಲ್ಲಿ ಕೂತು, ಕೆಂಗೇರಿಗೆ ಹೋಗಿ ವಾಪಸ್ ಬಂದು, ಅವಳ ಡ್ಯೂಟಿ ಮುಗಿದ ಮೇಲೆ ಅವಳ ಜೊತೆ ಮನೆಗೆ ಬರುತ್ತಿದ್ದೆ. ಹೋಮ್‌ವರ್ಕ್ ಮಾಡಿದ್ದೆಲ್ಲ ಮೈಸೂರು ರಸ್ತೆಯ ಗುಂಡಿಗಳ ಮೇಲೆ. ಇವತ್ತಿಗೂ ನನ್ನ ಕೈಬರಹ ಕುಲುಕಾಡುತ್ತದೆ.

ಬಸ್ಸಿಗೆ ಒಂದು ಪದ್ಧತಿಯಿದೆ. ನೀವೂ ನೋಡಿರುತ್ತೀರಿ, ಗಮನಿಸಿರುವುದಿಲ್ಲ ಅಷ್ಟೆ. ಸ್ಟಿಯರಿಂಗ್ ಡ್ರೈವರ್ ಕೈಯಲ್ಲಿದ್ದರೂ ಬಸ್ ಹೊರಡುವುದು ಕಂಡಕ್ಟರ್ ಮಾತಿನ ಮೇಲೆ. "ರೈಟ್ ರೈಟ್" ಅಂದರೆ ಹೊರಡು. "ಹೋಲ್ಡಾನ್" ಅಂದರೆ ನಿಲ್ಲಿಸು. ಹಿಂದಿನ ಬಾಗಿಲಲ್ಲಿ ಯಾರು ಹತ್ತುತ್ತಿದ್ದಾರೆ, ಯಾರ ಕಾಲು ಇನ್ನೂ ಮೆಟ್ಟಿಲ ಮೇಲಿದೆ ಎಂದು ಡ್ರೈವರಿಗೆ ಕಾಣುವುದಿಲ್ಲ. ಹಾಗಾಗಿ ಹೋಲ್ಡಾನ್ ಎಂಬ ಕೂಗು ಕಿವಿಗೆ ಬಿದ್ದರೆ ಮೊದಲು ಕಾಲು ಬ್ರೇಕಿಗೆ ಹೋಗಬೇಕು. ಏನಾಯ್ತು, ಯಾಕೆ, ಯಾರು ಕೂಗಿದ್ದು, ಎಲ್ಲ ಆಮೇಲೆ.

ಅಮ್ಮನ ಬಸ್ಸಿಗೆ ಒಬ್ಬರೇ ಡ್ರೈವರ್ ಬಹಳ ಕಾಲ ಇದ್ದರು. ಭಾರಿ ಮೀಸೆ, ಯಾವಾಗಲೂ ಬಾಯಲ್ಲಿ ಲವಂಗ. ಒಮ್ಮೆ ಅವರು ಡಿಪೋದಲ್ಲಿ ನಾಲ್ಕು ಜನರ ಎದುರು ಅಮ್ಮನನ್ನು "ಬಜಾರಿ" ಅಂದರಂತೆ. ಅದು ಅಮ್ಮನ ಕಿವಿಗೆ ಬಿತ್ತು. ಅವತ್ತಿನಿಂದ ಅಮ್ಮ ಅವರ ಜೊತೆ ಮಾತು ಬಿಟ್ಟಳು. ಅವರೂ ಬಿಟ್ಟರು. ಒಂದೇ ಬಸ್ಸು, ಬೆಳಗಿನಿಂದ ಸಂಜೆಯವರೆಗೆ ಇಬ್ಬರೇ, ಊಟ ಬೇರೆ ಬೇರೆ ಕಟ್ಟೆಯ ಮೇಲೆ, ಟೀ ಬೇರೆ ಬೇರೆ ಅಂಗಡಿಯಲ್ಲಿ. ಮಾತಿಲ್ಲ ಕತೆಯಿಲ್ಲ. ಇಡೀ ಮಳೆಗಾಲ ಕಳೆದು ಚಳಿಗಾಲ ಬಂದರೂ ಅವರಿಬ್ಬರ ನಡುವೆ ಎರಡೇ ಶಬ್ದ. ರೈಟ್, ಹೋಲ್ಡಾನ್.

ಆ ಮುನಿಸಿನ ನಡುವೆಯೇ ಅತ್ತಿಗುಪ್ಪೆಯಲ್ಲಿ ಒಬ್ಬ ಅಜ್ಜಿ ಇಳಿಯುವಾಗ ಸೆರಗು ಬಾಗಿಲ ಸಂದಿಗೆ ಸಿಕ್ಕಿಕೊಂಡಿತು. ಬಸ್ ಆಗಲೇ ಹೊರಟಿತ್ತು. ಅಮ್ಮ ಕಿರುಚಿದಳು, "ಹೋಲ್ಡಾನ್!" ಬಸ್ ಗಕ್ಕನೆ ನಿಂತ ರಭಸಕ್ಕೆ ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು, ನನ್ನ ಜಾಮಿಟ್ರಿ ಬಾಕ್ಸ್ ಡ್ರೈವರ್ ಸೀಟಿನ ತನಕ ಹಾರಿತು. ಅಜ್ಜಿ ಸೆರಗು ಬಿಡಿಸಿಕೊಂಡು ಏನೂ ಆಗದವರ ಹಾಗೆ ಹೊರಟುಹೋದರು. ಇನ್ನೊಂದು ದಿನ ಬಾಗಿಲ ಹತ್ತಿರ ಮಗು ಬಿತ್ತು ಅಂದುಕೊಂಡು ಅಮ್ಮ ಹಾಗೇ ಕೂಗಿದಳು. ಬಸ್ ನಿಂತಿತು. ನೋಡಿದರೆ ಯಾರದೋ ಹತ್ತಿಯ ಮೂಟೆ. ಡ್ರೈವರ್ ಕನ್ನಡಿಯಲ್ಲಿ ಮೂಟೆ ನೋಡಿದರು, ಲವಂಗ ಅಗಿದರು, ಸುಮ್ಮನೆ ಕಾದರು. ಅಮ್ಮ "ರೈಟ್" ಅಂದಳು. ಬಸ್ ಹೊರಟಿತು. ಅವರು ಅದಕ್ಕೂ ಒಂದು ಮಾತು ಆಡಲಿಲ್ಲ, ಅವಳೂ ಸಮಜಾಯಿಷಿ ಕೊಡಲಿಲ್ಲ. ಬಜಾರಿ ಅಂದವರೇ, ಆದರೆ ಆ ಬಜಾರಿಯ ಕೂಗಿಗೆ ಒಮ್ಮೆಯೂ ತಡಮಾಡಿದವರಲ್ಲ.

ನಾನು ಪೈಲಟ್ ಆಗುತ್ತೇನೆ ಅಂದಾಗ ಅಪ್ಪ ಗಾಬರಿಯಾದರು. ಅಮ್ಮ ಆಗಲಿಲ್ಲ. ಅವಳ ತವರಿನವರು ಮೂಡಲಪಾಳ್ಯ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆಯುತ್ತಿದ್ದವರು. ಹೊಲವೆಲ್ಲ ಲೇಔಟಾದ ಮೇಲೆ ಅವಳ ಪಾಲಿಗೆ ಒಂದು ಸೈಟು ಉಳಿದಿತ್ತು. ಅದನ್ನು ಮಾರಿ ನನ್ನನ್ನು ಓದಿಸಿದಳು. ಜೊತೆಗೆ ಒಂದೇ ಒಂದು ಪಣ ತೊಟ್ಟಳು. "ನಾನು ವಿಮಾನ ಅಂತ ಹತ್ತಿದ್ರೆ ನೀನು ಕ್ಯಾಪ್ಟನ್ ಆದ್ಮೇಲೇನೇ. ಅಲ್ಲೀವರ್ಗೂ ಯಾರ್ ಕರೆದ್ರೂ ಹತ್ತಲ್ಲ." ನೆಂಟರು ತಿರುಪತಿಗೆ, ಕಾಶಿಗೆ ವಿಮಾನದಲ್ಲಿ ಹೊರಟಾಗ ಅವಳು ರೈಲಿನಲ್ಲಿ ಹೋದಳು. ಕಾಶಿಗೆ ರೈಲಿನಲ್ಲಿ! ಸೊಂಟ ಹಿಡಿದುಕೊಂಡು ಬಂದಳು, ಮಾತು ಮುರಿಯಲಿಲ್ಲ. ಕ್ಯಾಪ್ಟನ್ ಹೆಗಲಿಗೆ ನಾಲ್ಕು ಪಟ್ಟಿ, ನನಗೆ ಮೂರು. ನನ್ನ ಶರ್ಟು ಒಗೆದು ಹರವುವಾಗಲೆಲ್ಲ ಅವಳು ಆ ಪಟ್ಟಿಯ ಮೇಲೆ ಬೆರಳಾಡಿಸಿ, "ಇನ್ನೊಂದಕ್ಕೆ ಜಾಗ ಐತೆ" ಅನ್ನುತ್ತಿದ್ದಳು.

ಆ ನಾಲ್ಕನೇ ಪಟ್ಟಿಯ ಸರದಿ ಹತ್ತಿರ ಬಂದಿದ್ದಾಗಲೇ ಅದು ನಡೆದದ್ದು.

ಊರು ಯಾವುದೆಂದು ಬೇಡ. ಒಂದರ ಪಕ್ಕ ಒಂದು ಎರಡು ರನ್‌ವೇ ಇರುವ ದೊಡ್ಡ ನಿಲ್ದಾಣ. ಹೊರಗಿನ ರನ್‌ವೇಯಲ್ಲಿ ಇಳಿದರೆ ಒಳಗಿನದನ್ನು ದಾಟಿಕೊಂಡು ಟರ್ಮಿನಲ್ಲಿಗೆ ಹೋಗಬೇಕು. ನನ್ನ ಜೊತೆಗಿದ್ದ ಕ್ಯಾಪ್ಟನ್ ಬಹಳ ಹಿರಿಯರು, ನಿವೃತ್ತಿಗೆ ಹತ್ತಿರವಿದ್ದವರು. ಕೆಟ್ಟವರಲ್ಲ. ಹೊಸಬರಿಗೆ ತಮ್ಮ ತಟ್ಟೆಯ ಸಿಹಿ ಎತ್ತಿಕೊಡುವಂಥವರು. ಅವತ್ತು ಅಡ್ಡಗಾಳಿ ಇತ್ತು, ಆದರೂ ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗದ ಹಾಗೆ ಇಳಿಸಿದರು. ನಾನು ಮನಸಾರೆ ಹೊಗಳಿದೆ.

ನೆಲಕ್ಕೆ ಬಂದ ಮೇಲೆ ಓಡಿಸುವುದು ಕ್ಯಾಪ್ಟನ್. ರೇಡಿಯೊ, ನಕ್ಷೆ, ಹೊರಗೆ ಕಣ್ಣು ನನ್ನ ಕೆಲಸ. ಒಳಗಿನ ರನ್‌ವೇಗೆ ಮುಂಚೆ ಗೆರೆಯ ಹತ್ತಿರ ನಿಲ್ಲಿ ಎಂದು ವಿಮಾನಗಳಿಗೆ ದಾರಿ ಹೇಳುವ ಟವರಿನವರು ಹೇಳಿದರು. ನಾನು ಅದನ್ನೇ ತಿರುಗಿ ಹೇಳಿದೆ. ಕ್ಯಾಪ್ಟನ್ ತಲೆಯಾಡಿಸಿದರು. ಅಷ್ಟರಲ್ಲಿ ಹಿಂದಿನಿಂದ ಸಿಬ್ಬಂದಿಯ ಫೋನು. ಚಕ್ರ ನೆಲ ಮುಟ್ಟಿದ್ದೇ ತಡ, ನಮ್ಮ ಜನ ಎದ್ದು ನಿಂತು ಬ್ಯಾಗು ಇಳಿಸಲು ಶುರುಮಾಡುತ್ತಾರಲ್ಲ, ಅದೇ ಗಲಾಟೆ. ಕೂರಿ ಅಂದರೆ ಕೂರುತ್ತಿಲ್ಲ ಎಂದು ದೂರು. ಕ್ಯಾಪ್ಟನ್ ಒಂದು ಕೈಯಲ್ಲಿ ಫೋನು ಹಿಡಿದು ಏನೋ ಸಮಾಧಾನ ಹೇಳಿದರು, ಫೋನಿಟ್ಟರು, ನನ್ನ ಕಡೆ ತಿರುಗಿ "ಈ ಜನ ಬದಲಾಗುವುದಿಲ್ಲ" ಎಂದು ನಕ್ಕರು. ವಿಮಾನ ಓಡುತ್ತಲೇ ಇತ್ತು. ಆ ಹೊತ್ತಿನಲ್ಲಿ ಆ ಜಾಗದಲ್ಲಿ ಅವರನ್ನು ಯಾವತ್ತೂ ನಿಲ್ಲಿಸುತ್ತಿರಲಿಲ್ಲವಂತೆ. ಪ್ರತಿ ಸಲ ದಾಟಿ ದಾಟಿ ಅಭ್ಯಾಸ. ಆಡಿದ್ದು ಕತ್ತು ಮಾತ್ರ, ಕಿವಿ ಕೇಳಿಸಿಕೊಂಡಿರಲಿಲ್ಲ.

ಗೆರೆ ಕಂಡಿತು. ಅಡ್ಡಲಾಗಿ ನೆಲದಲ್ಲಿ ಕೆಂಪು ದೀಪಗಳ ಸಾಲು, ಎದುರು ಬಿಸಿಲಿಗೆ ಮಂಕಾಗಿ. "ಕ್ಯಾಪ್ಟನ್, ಇಲ್ಲಿ ನಿಲ್ಲಬೇಕು" ಎಂದು ಕಲಿಸಿದ ಇಂಗ್ಲಿಷಿನಲ್ಲಿ ಹೇಳಿದೆ. "ಹ್ಞೂಂ ಹ್ಞೂಂ" ಅಂದರು. ವೇಗ ಇಳಿಯಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ, ನಿಲ್ಲಿಸಿ ಎಂದೆ. ಅದಕ್ಕೂ ಅದೇ ಹ್ಞೂಂ. ನನ್ನ ಬಲಗಡೆ ರನ್‌ವೇಯ ಆ ತುದಿಯಿಂದ ಒಂದು ವಿಮಾನ ದೀಪ ಹೊತ್ತಿಸಿಕೊಂಡು ನಮ್ಮ ಕಡೆಗೇ ಓಡಿಬರುತ್ತಿತ್ತು. ಹಾರಲು.

ಆಗ ನನ್ನ ಬಾಯಿಂದ ಬಂದದ್ದು ಇಂಗ್ಲಿಷಲ್ಲ, ತರಬೇತಿಯಲ್ಲಿ ಕಲಿತದ್ದೂ ಅಲ್ಲ.

"ಹೋಲ್ಡಾನ್!"

ಕೂಗಿದ್ದೂ, ನನ್ನ ಕಡೆಗೂ ಇರುವ ಬ್ರೇಕನ್ನು ಎರಡೂ ಕಾಲಿನಿಂದ ಒತ್ತಿದ್ದೂ ಒಟ್ಟಿಗೇ. ವಿಮಾನ ಮುಗ್ಗರಿಸಿದಂತೆ ನಿಂತಿತು. ಮೂಗು ಗೆರೆಯನ್ನು ದಾಟಿಯೇ ಇತ್ತು, ಆದರೆ ರನ್‌ವೇಗೆ ಬಿದ್ದಿರಲಿಲ್ಲ. ನಮ್ಮ ಮುಂದೆಯೇ ಆ ವಿಮಾನ ಭೋರೆಂದು ಹಾದು ಮೇಲೆದ್ದಿತು. ನಮ್ಮ ಕಿಟಕಿ ಅದುರಿತು. ಕ್ಯಾಪ್ಟನ್ ಅದನ್ನು ನೋಡಿದರು, ಆಮೇಲೆ ನನ್ನ ಕಾಲು ನೋಡಿದರು, ಆಮೇಲೆ ಬಹಳ ಹೊತ್ತು ಏನೂ ನೋಡಲಿಲ್ಲ.

ಹಿಂದೆ, ಎದ್ದವರನ್ನು ಕೂರಿಸಲು ಹೋಗಿದ್ದ ಸಿಬ್ಬಂದಿ ಹುಡುಗಿ ನಾನು ಬ್ರೇಕ್ ಒತ್ತಿದ ರಭಸಕ್ಕೆ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಿದ್ದಳು. ಇಳಿದ ತಕ್ಷಣ ಅವಳ ಹತ್ತಿರ ಹೋದೆ. ಐಸ್ ಇಟ್ಟುಕೊಂಡು ಕೂತಿದ್ದಳು. "ಸಾರಿ ಕಣಮ್ಮ, ನಾನೇ ಒತ್ತಿದ್ದು" ಅಂದೆ. ನಂದಿನಿ ಲೇಔಟಿನ ಹುಡುಗಿ. "ಅಯ್ಯೋ ಬಿಡಿ ಮೇಡಂ, ಕೈ ತಾನೇ, ಸರಿ ಹೋಗುತ್ತೆ. ಕಿಟಕೀಲಿ ನಾನೂ ನೋಡ್ದೆ" ಅಂದಳು. ಅವಳ ಹತ್ತಿರ ಸಾರಿ ಕೇಳಬೇಕಾಗಿತ್ತು, ಕೇಳಿದೆ.

ನಿಯಮದಂತೆ ನಮ್ಮಿಬ್ಬರನ್ನೂ ಡ್ಯೂಟಿಯಿಂದ ಇಳಿಸಿದರು. ವಿಚಾರಣೆ. ಮನೆಯಲ್ಲಿ ಕೂತೆ. "ಏನಮ್ಮ, ರಜಾನಾ?" ಎಂದು ಕೇಳುವ ಎದುರುಮನೆ ಆಂಟಿಗೆ ಹೆದರಿ ಟೆರೇಸಿಗೂ ಹೋಗುತ್ತಿರಲಿಲ್ಲ. ವಿಚಾರಣೆಯಲ್ಲಿ ಕಾಕ್‌ಪಿಟ್ಟಿನ ರೆಕಾರ್ಡಿಂಗ್ ಹಾಕಿದರು. ಮೊದಲು ನನ್ನ ಸಣ್ಣ ದನಿ, ಸಭ್ಯ ಇಂಗ್ಲಿಷು. ಅವರ ಹ್ಞೂಂ. ಮತ್ತೆ ನಾನು. ಮತ್ತೆ ಹ್ಞೂಂ. ಆಮೇಲೆ ಆ ಕೂಗು. ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಅದು ನನ್ನ ದನಿಯೇ ಅಲ್ಲ, ಸಾಕ್ಷಾತ್ ಅಮ್ಮನದು. ಮೇಜಿನ ಆಚೆ ಕೂತಿದ್ದವರು ಮುಖ ಮುಖ ನೋಡಿಕೊಂಡರು. ನಮ್ಮ ಬೆಂಗಳೂರಿನ ಮುಖ್ಯಸ್ಥರೊಬ್ಬರೇ ತಲೆ ಬಗ್ಗಿಸಿದರು. ಅವರಿಗೆ ಗೊತ್ತಾಗಿತ್ತು. ಅವರೂ ಸಿಟಿ ಬಸ್ಸಿನಲ್ಲಿ ಕಾಲೇಜಿಗೆ ಹೋದವರೇ.

ಗೆರೆ ದಾಟಿದ್ದು ಕ್ಯಾಪ್ಟನ್ನರ ಲಕ್ಷ್ಯ ತಪ್ಪಿದ್ದರಿಂದ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅವರಿಗೆ ಮರುತರಬೇತಿ, ಆಮೇಲೆ ಮತ್ತೆ ಕೆಲಸ. ಅದರ ಬಗ್ಗೆ ನನಗೆ ತಕರಾರಿಲ್ಲ, ಯಾರಿಗಾದರೂ ಆಗಬಹುದಾದದ್ದು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಮುಖ್ಯಸ್ಥರು ನನ್ನೊಬ್ಬಳನ್ನು ಕರೆದರು.

"ಕೂತ್ಕೊಳಮ್ಮ. ನಾನೂ ಬಸವೇಶ್ವರನಗರದವನೇ, ನೇರವಾಗೇ ಹೇಳ್ತೀನಿ. ಬ್ರೇಕ್ ಹಾಕಿದ್ದು ಸರಿ. ಆದ್ರೆ ಆ ಥರ ಕೂಗೋದಾ? ಅವ್ರ ಸರ್ವಿಸಲ್ಲೇ ಯಾರೂ ಅವ್ರ ಮೇಲೆ ದನಿ ಎತ್ತಿಲ್ವಂತೆ. ತುಂಬಾ ನೊಂದ್ಕೊಂಡಿದಾರೆ. ತಾವೇ ನಿಲ್ಲಿಸ್ತಾ ಇದ್ರಂತೆ, ಅಷ್ಟರಲ್ಲಿ ಈ ಹುಡುಗಿ ಬ್ರೇಕ್ ತುಳಿದು ಇನ್ನೊಬ್ಬಳ ಕೈ ಮುರಿಯೋ ಹಾಗೆ ಮಾಡಿದ್ಲು ಅಂತಾರೆ."

"ನಿಲ್ಲಿಸ್ತಾ ಇರ್ಲಿಲ್ಲ ಸಾರ್. ನೀವೂ ಕೇಳಿದ್ರಲ್ಲ."

"ಇರ್ಲಿ ಕಣಮ್ಮ, ಇರ್ಲಿ. ವಾದ ಬೇಡ. ಇದು ಸಿಟಿ ಬಸ್ಸಲ್ಲ. ಶುಕ್ರವಾರ ಅವ್ರನ್ನ ಕರೀತೀನಿ. ಅವ್ರ ಎದುರಿಗೆ ಸಾರಿ ಅಂತ ಹೇಳ್ಬಿಡು. ಬಾಯಲ್ಲಿ ಸಾಕು, ಬರೆದೇನೂ ಕೊಡೋದು ಬೇಡ. ನಿನ್ನ ಕ್ಯಾಪ್ಟನ್ ಟ್ರೇನಿಂಗ್ ಬ್ಯಾಚು ಬರ್ತಾ ಇದೆ. ಆ ಕಮಿಟೀಲಿ ಅವ್ರ ಮಾತು ನಡೆಯುತ್ತೆ. ನಿನಗೆ ನಾನು ಬಿಡಿಸಿ ಹೇಳ್ಬೇಕಾ?"

ಬಿಡಿಸಿ ಹೇಳಬೇಕಾಗಿರಲಿಲ್ಲ. ಏರ್‌ಪೋರ್ಟಿನಿಂದ ಮೂಡಲಪಾಳ್ಯದ ತನಕ, ಊರಿನ ಆ ತುದಿಯಿಂದ ಈ ತುದಿಗೆ, ಟ್ರಾಫಿಕ್ಕಿನಲ್ಲಿ ನಿಂತು ನಿಂತು ಬರುವಾಗ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಸಿಟಿ ಬಸ್ಸಲ್ಲ. ಸಿಟಿ ಬಸ್ಸಲ್ಲ. ಮೈ ಉರಿಯಿತು. ಅಲ್ಲ ಸ್ವಾಮಿ, ಸಿಟಿ ಬಸ್ಸಾಗಿದ್ದರೆ ಮೊದಲ ಕೂಗಿಗೇ ನಿಲ್ಲುತ್ತಿತ್ತು!

ಅಮ್ಮ ಮುದ್ದೆ ತಿರುವುತ್ತಿದ್ದಳು. ಒಲೆ ಪಕ್ಕ ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ನನ್ನ ಪರ ನಿಂತು ಅವರನ್ನು ಹಿಗ್ಗಾಮುಗ್ಗಾ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೋಲು ಆಡಿಸುವುದನ್ನೂ ನಿಲ್ಲಿಸಲಿಲ್ಲ.

"ಅಂದ್ಬಿಡು" ಅಂದಳು.

"ಏನು?"

"ಸಾರಿ ಅಂತ ಅಂದ್ಬಿಡು ಕಣೇ. ನಿಂಗೇನ್ ಹೋಗುತ್ತೆ ಗಂಟು? ದೊಡ್ಡೋರು. ಒಂದು ಮಾತು ಅಂದು ಕೆಲ್ಸ ಮಾಡ್ಕೊ."

ನನಗೆ ತಲೆ ಕೆಟ್ಟುಹೋಯಿತು. "ನೀನಾ ಇದು ಹೇಳ್ತಿರೋದು? ಆ ಡ್ರೈವರ್ ಜೊತೆ ತಿಂಗಳುಗಟ್ಲೆ ಮಾತು ಬಿಟ್ಟೋಳು ನೀನು! ನೀನ್ ಯಾವತ್ತಾದ್ರೂ ಯಾರಿಗಾದ್ರೂ ಸಾರಿ ಅಂದಿದ್ಯಾ?"

ಆಗ ಕೋಲು ನಿಂತಿತು. "ಅಂದಿದೀನಿ. ನಿಂಗೇನ್ ಗೊತ್ತು? ಚಿಲ್ರೆ ಇಲ್ದೆ ಪ್ಯಾಸೆಂಜರ್ ಕಿರುಚಿದ್ರೆ ನಾನೇ ಸಾರಿ. ಬಸ್ ಲೇಟಾದ್ರೆ ನಾನೇ ಸಾರಿ. ನಿನಗೆ ಜ್ವರ ಬಂದು ರಜಾ ಕೇಳಿದ್ರೆ ಡಿಪೋದೋರ ಮುಂದೆ ಕೈ ಕಟ್ಕೊಂಡು ಸಾರಿ. ಕುಡಿದೋನು ಮೈಮೇಲೆ ಬಿದ್ದಿದ್ದಕ್ಕೆ ಬೈದೆ ಅಂತ ಅವನಿಗೇ ಸಾರಿ ಹೇಳ್ಸಿದಾರೆ ನನ್ ಕೈಲಿ. ನಿಮ್ಮಪ್ಪನ್ ಗಿರಣಿ ಒಂದ್ರಲ್ಲೇ ಮನೆ ನಡೀತಿತ್ತಾ? ಸಾರಿ ಅಂದು ಅಂದೇ ನೀನು ಪೈಲಟ್ ಆಗಿರೋದು."

ಕಂಡಕ್ಟರ್ ಸೀಟಿನಲ್ಲಿ ಕೂತು ಅವಳ ಜೋರು ದನಿಯನ್ನಷ್ಟೇ ಕೇಳಿಸಿಕೊಂಡು ಬೆಳೆದವಳು ನಾನು. ಅವಳು ಯಾರೆದುರು ಕೈ ಕಟ್ಟಿ ನಿಂತಳೆಂದು ನೋಡಿರಲೇ ಇಲ್ಲ. ಅಳು ಬಂತು. ಅವಳೆದುರು ಅತ್ತರೆ ಬೈಯುತ್ತಾಳೆ ಎಂದು ತಡೆದುಕೊಂಡೆ. ಆಮೇಲೆ, ಗೆಲ್ಲಬೇಕೆಂದಲ್ಲ, ನಿಜವಾಗಲೂ ತಿಳಿಯಬೇಕೆಂದು ಕೇಳಿದೆ.

"ಹೋಲ್ಡಾನ್ ಅಂದಿದ್ದಕ್ಕೆ ಯಾವತ್ತಾದ್ರೂ ಹೇಳಿದೀಯಾ ಅಮ್ಮ?"

"ಯಾವ್ದಕ್ಕೆ?"

"ಹೋಲ್ಡಾನ್ ಅಂತ ಕೂಗಿದ್ದಕ್ಕೆ. ಅವತ್ತು ಆ ಹತ್ತಿ ಮೂಟೆ ಇತ್ತಲ್ಲ, ಅವತ್ತಾದ್ರೂ ಡ್ರೈವರಿಗೆ ಸಾರಿ ಅಂದ್ಯಾ?"

ನಾನು ಏನೋ ಅಸಂಬದ್ಧ ಕೇಳಿದ ಹಾಗೆ ನೋಡಿದಳು. "ಅದಕ್ಯಾಕ್ ಹೇಳ್ಲಿ? ಕೂಗೋದು ನನ್ ಕೆಲ್ಸ. ನಿಲ್ಸೋದು ಅವನ್ ಕೆಲ್ಸ." ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿದವಳಂತೆ ಕೋಲು ಹಿಡಿದೇ ನಿಂತಳು. ಮುದ್ದೆ ತಳ ಹಿಡಿಯುತ್ತಿತ್ತು. ನಾನೇ ಒಲೆ ಆರಿಸಿದೆ. ತಟ್ಟೆಗೆ ಹಾಕಿ, ಸೊಪ್ಪಿನ ಸಾರು ಬಿಟ್ಟು, ನನ್ನ ಮುಂದೆ ಕುಕ್ಕಿ, ಆಮೇಲೆ ಹೇಳಿದಳು. "ಬೇರೆ ಏನಕ್ಕಾದ್ರೂ ಹೇಳು. ಅದಕ್ಕೆ ಬೇಡ."

"ನಾಲ್ಕನೇ ಪಟ್ಟಿ ಹೋಗುತ್ತೆ ಅಮ್ಮ. ನಿನ್ನ ವಿಮಾನವೂ."

"ರೈಲಿದೆ. ತಿನ್ನು."

ಶುಕ್ರವಾರ ಹೋದೆ. ಕ್ಯಾಪ್ಟನ್ ಬಂದಿದ್ದರು. ಸೊರಗಿದ್ದರು ಪಾಪ, ಕಣ್ಣಿನ ಕೆಳಗೆ ಕಪ್ಪು. ನನಗೆ ಕನಿಕರ ಬಂದದ್ದು ನಿಜ. ಮುಖ್ಯಸ್ಥರು ಕಾಫಿ ತರಿಸಿ, ಮದುವೆ ಮಾತುಕತೆಯ ಥರ ನಗುತ್ತಾ ಪೀಠಿಕೆ ಹಾಕಿ, ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದೆ. ಕ್ಯಾಪ್ಟನ್ನರೇ ಇಂಗ್ಲಿಷಿನಲ್ಲಿ ಶುರುಮಾಡಿದರು. "ನಾನು ನಿಲ್ಲಿಸುವವನೇ ಇದ್ದೆ."

"ಇರಬಹುದು ಸಾರ್" ಅಂದೆ. "ಆದರೆ ಅದು ನನಗೆ ಹೇಗೆ ಗೊತ್ತಾಗಬೇಕು?"

"ಹಾಗೆಂದು ಕಿರುಚುವುದೇ?"

"ಎರಡು ಸಲ ಮೆಲ್ಲಗೆ ಹೇಳಿದೆ. ನಿಮಗೆ ಕೇಳಿಸಲಿಲ್ಲ. ಮೂರನೆಯದು ಕೇಳಿಸಿತು."

ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. ನನ್ನ ಬಾಯಿ ನಿಲ್ಲಲಿಲ್ಲ. "ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಸಾರ್. ನಾಳೆ ಕರೆದರೆ ನಿಮ್ಮ ಪಕ್ಕದಲ್ಲೇ ಕೂರುತ್ತೇನೆ. ಬೇಕಾದರೆ ನಾಳೆಯೂ ಕೂಗುತ್ತೇನೆ. ಇವತ್ತು ಸಾರಿ ಅಂದುಬಿಟ್ಟರೆ, ನಾಳೆ ಕೂಗುವ ಮುಂಚೆ ಕೂಗಲೋ ಬೇಡವೋ ಎಂದು ಒಂದು ಕ್ಷಣ ಯೋಚಿಸುತ್ತೇನೆ. ಅವತ್ತು ನಮ್ಮ ಹತ್ತಿರ ಆ ಒಂದು ಕ್ಷಣ ಇರಲಿಲ್ಲ. ಹಿಂದೆ ಬಿದ್ದ ಹುಡುಗಿಗೆ ಸಾರಿ ಹೇಳಿದ್ದೇನೆ. ನಿಮಗೆ ಹೇಳುವುದಿಲ್ಲ."

ಕ್ಯಾಪ್ಟನ್ ಕಾಫಿ ಲೋಟವನ್ನೇ ನೋಡುತ್ತಿದ್ದರು. ಮುಖ್ಯಸ್ಥರು ಕನ್ನಡದಲ್ಲಿ, "ಏನಮ್ಮ ಇಷ್ಟು ಹಟ ನಿಂದು, ಸಿಟಿ ಬಸ್ಸಿನ ಥರ…" ಅಂದರು.

"ಹೌದು ಸಾರ್, ಸಿಟಿ ಬಸ್ಸಿನ ಥರಾನೇ. ನಮ್ಮಮ್ಮ ಕಂಡಕ್ಟರ್. ಅವಳ ಡ್ರೈವರ್ ಅವಳ ಮುಖ ಕಂಡ್ರೆ ಆಗ್ದೇ ಇದ್ರೂ ಹೋಲ್ಡಾನ್ ಅಂದ್ರೆ ನಿಲ್ಲಿಸ್ತಿದ್ರು." ಎದ್ದು, ನಮಸ್ಕಾರ ಮಾಡಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಬಂದೆ.

ಆ ಬ್ಯಾಚಿನಲ್ಲಿ ನನ್ನ ಹೆಸರು ಬರಲಿಲ್ಲ. ಅದರ ಮುಂದಿನದರಲ್ಲೂ ಬರಲಿಲ್ಲ. ನನ್ನ ಹಿಂದೆ ಸೇರಿದವರು ಕ್ಯಾಪ್ಟನ್ನುಗಳಾಗಿ ಪೇಡ ಹಂಚಿದರು. ತಿಂದೆ, ಕೈ ಕುಲುಕಿದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಉರಿಯಿತು. ಸಾರಿ ಎಂದುಬಿಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ಒಂದೆರಡು ಸಲ ಅನ್ನಿಸಿದ್ದೂ ಉಂಟು. ಅಮ್ಮ ನಿವೃತ್ತಿಯಾದಳು. ಅಪ್ಪನ ಜೊತೆ ಶಿರಡಿಗೆ ಹೋದಳು, ರೈಲಿನಲ್ಲೇ.

ಆ ಕ್ಯಾಪ್ಟನ್ ಜೊತೆ ಮತ್ತೆ ನನ್ನ ಡ್ಯೂಟಿ ಬಿತ್ತು. ಕೆಲಸದ ಮಾತು ಬಿಟ್ಟರೆ ಒಂದು ಮಾತಿಲ್ಲ. ಸಿಹಿಯನ್ನೂ ಎತ್ತಿಕೊಡಲಿಲ್ಲ. ಆದರೆ ನೆಲಕ್ಕೆ ಬಂದ ಮೇಲೆ, ಗೆರೆ ಇನ್ನೂ ದೂರವಿದೆ ಅನ್ನುವಾಗಲೇ ನಾನು "ಇಲ್ಲಿ ನಿಲ್ಲಬೇಕು" ಅಂದೆ. ತಕ್ಷಣ ನಿಲ್ಲಿಸಿದರು. ನನ್ನ ಮುಖ ನೋಡದೆ, ಎದುರಿಗೆ ನೋಡುತ್ತಾ ಕಾದರು. ಅವರು ನಿವೃತ್ತಿಯಾಗುವ ತನಕ ಎಷ್ಟೋ ಸಲ ಜೊತೆಗೆ ಹಾರಿದೆವು. ಮಾತು ಹುಟ್ಟಲಿಲ್ಲ. ಹೇಳಿದಲ್ಲೆಲ್ಲ ನಿಲ್ಲಿಸಿದರು. ನನಗೆ ಅಷ್ಟು ಸಾಕಾಗಿತ್ತು.

ಕೊನೆಗೂ ನನ್ನ ಸರದಿ ಬಂತು. ಯಾರ ಶಿಫಾರಸೋ, ಪೈಲಟ್ಟುಗಳು ಸಾಲದೇ ಬಂದರೋ, ನಾನು ಕೇಳಲು ಹೋಗಲಿಲ್ಲ. ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದೆ. ಐರನ್ ಅಂಗಡಿಯವರು ನಾಲ್ಕು ಪಟ್ಟಿಯ ಶರ್ಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅಮ್ಮ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಎದುರುಮನೆ ಆಂಟಿಗೆ ಎರಡು ಸಲ ಹೇಳಿ, ನಾನು ಓಡಿಸುವ ವಿಮಾನ ಹತ್ತಿದಳು. ರೆಕ್ಕೆಯ ಮುಂದಿನ ಕಿಟಕಿ ಸೀಟು.

ಇಳಿದದ್ದು ಚೆನ್ನಾಗಿ ಆಯಿತು. ಟರ್ಮಿನಲ್ಲಿನ ಕಡೆ ಮೆಲ್ಲಗೆ ಓಡಿಸುತ್ತಿದ್ದೆ. ಪಕ್ಕದಲ್ಲಿ ಹೊಸ ಕೋ-ಪೈಲಟ್, ಮಾತಿಗೆ ಮುಂಚೆ ಮೂರು ಸಲ ಮೇಡಂ ಅನ್ನುವ ಪೈಕಿ. ಇದ್ದಕ್ಕಿದ್ದಂತೆ ಅವನು "ನಿಲ್ಲಿಸಿ!" ಅಂದ. ಮೇಡಂ ಇಲ್ಲ, ಏನಿಲ್ಲ. ನನ್ನ ಕಾಲು ಒತ್ತಿತು. ವಿಮಾನ ಗಕ್ಕನೆ ನಿಂತಿತು. ಬಲಗಡೆ ರೆಕ್ಕೆಗೆ ಲಗೇಜ್ ಗಾಡಿ ತಾಗುತ್ತದೆ ಅಂದುಕೊಂಡಿದ್ದನಂತೆ. ನೋಡಿದರೆ ಗಾಡಿ ದೂರದಲ್ಲಿ, ಗೆರೆಯ ಆಚೆ, ತನ್ನ ಪಾಡಿಗೆ ನಿಂತಿತ್ತು. ಅವನ ಮುಖ ಕೆಂಪೇರಿತು. ನಾನು ಇನ್ನೊಮ್ಮೆ ಅವನಿಂದ ಬಲಗಡೆ ನೋಡಿಸಿ, ಸರಿ ಎಂದು ಹೇಳಿಸಿ, ಮುಂದೆ ಹೊರಟೆ.

ಎಲ್ಲರೂ ಇಳಿದ ಮೇಲೆ ಅಮ್ಮನ ಹತ್ತಿರ ಹೋದೆ. ಹಾರಿದ್ದರ ಬಗ್ಗೆ, ಮೋಡದ ಬಗ್ಗೆ ಹೇಳುತ್ತಾಳೆ ಅಂದುಕೊಂಡಿದ್ದೆ.

"ಅಲ್ಲಿ ಯಾಕೇ ಹಂಗೆ ನಿಲ್ಸಿದ್ದು? ಹಲ್ಲು ಕಿತ್ತೋಗೋ ಹಂಗೆ?"

"ಪಕ್ಕದಲ್ಲಿ ಕೂತಿರೋನು ನಿಲ್ಸಿ ಅಂದ."

"ಏನಿತ್ತು?"

"ಏನೂ ಇರ್ಲಿಲ್ಲ."

ಅಮ್ಮ ಸೆರಗು ಸರಿಮಾಡಿಕೊಂಡಳು, ಚೀಲ ಹೆಗಲಿಗೇರಿಸಿದಳು. ಬಾಗಿಲ ಹತ್ತಿರ ಹೋಗಿ ತಿರುಗಿ, ಕಾಕ್‌ಪಿಟ್ಟಿನ ಕಡೆ ಗಲ್ಲ ಎತ್ತಿ ಕೇಳಿದಳು. "ಸಾರಿ ಅಂದ್ನಾ ಅವ್ನು?"

"ಅನ್ನಕ್ಕೆ ಬಂದ. ಬೈದು ಕೂರ್ಸಿದೀನಿ."